ಕಪಾಟಿನ ಮಡಿ

“ಕಾದಂಬರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಸ್ವಾಮಿ” ಎಂದು ಗಿರಾಕಿ ಮಡಿಯುಟ್ಟವರಂತೆ ಸರಿದು ನಿಂತರು. “ಹಾಗಾದರೆ ಕಾರಂತರನ್ನು ಎಲ್ಲಿಡಲಿ?” ಎಂದ ಅಂಗಡಿಯವ. “‘ಮೂಕಜ್ಜಿಯ ಕನಸುಗಳು’ ಇಲ್ಲಿ, ‘ಬಾಲಪ್ರಪಂಚ’ ಮಕ್ಕಳ ಕಡೆ, ‘ಯಕ್ಷಗಾನ ಬಯಲಾಟ’ ಅಟ್ಟದ ಮೇಲೆ. ಒಬ್ಬನೇ ಆಸಾಮಿ, ಮೂರು ಬಿಡಾರ!” ನನ್ನ ಮತವೂ ಅಂಗಡಿಯವನಿಗೇ. ಪ್ರಕಾರವೆಂಬುದು ಪುಸ್ತಕ ಜೋಡಿಸುವವರ ಅನುಕೂಲ. ಮೆಚ್ಚಿದ ಲೇಖಕರ ಬೆನ್ನು ಹತ್ತಿದರೆ ಅವರೇ ಬೇರೆ ಕಪಾಟಿಗೆ ಕರೆದೊಯ್ಯುತ್ತಾರೆ. 1959ರಲ್ಲಿ ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ಕಾದಂಬರಿಯಲ್ಲ, ಅಟ್ಟದ ಮೇಲಿನ ಆ ಯಕ್ಷಗಾನದ ಪುಸ್ತಕವೇ.

“ಎಲ್ಲರೂ ಕಾರಂತರಾಗುತ್ತಾರೆಯೇ?” ನಿಜ, ಆಗುವುದಿಲ್ಲ. ಆದರೆ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿ ಹುಡುಕಿದವರಿಗೆ ಜೀವವಿಜ್ಞಾನದ ಕಪಾಟು ಇನ್ನೆಷ್ಟು ದೂರ? “ಹಿಡಿಸದಿದ್ದರೆ ದುಡ್ಡು ದಂಡವಲ್ಲವೇ?” “ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟಿದ್ದೀರಲ್ಲ, ಅಲ್ಲೇ ನೋಡಿ.” “ಅಲ್ಲಿ ಬರೀ ಪೇಪರ್ ಇರುತ್ತಲ್ವಾ?” “ಪೇಪರ್ ಓದುವವರ ಬೆನ್ನ ಹಿಂದೆ ಕಪಾಟುಗಳಿವೆ ಸಾರ್, ಸ್ವಲ್ಪ ಬಗ್ಗಬೇಕು.”