ಜಾಣರ ಚಟ

ದಡ್ಡನಿಗೆ ಚಟ ಬಿಡಲು ಒಂದು ಅನುಕೂಲವಿದೆ: ಹೆಂಡತಿ ಗದರಿದರೆ ತಿರುಗಿ ಹೇಳಲು ಅವನ ಹತ್ತಿರ ವಾದವೇ ಇರುವುದಿಲ್ಲ. ಜಾಣನೋ, ಸಕ್ಕರೆ ಕಾಯಿಲೆ ಇಟ್ಟುಕೊಂಡೇ ಎರಡನೇ ಸಲ ಪಾಯಸಕ್ಕೆ ಲೋಟ ಒಡ್ಡುತ್ತ, ಬೆಳಿಗ್ಗೆ ಪಾರ್ಕಿನಲ್ಲಿ ಒಂದು ಸುತ್ತು ಹೆಚ್ಚು ನಡೆದ ಲೆಕ್ಕ ಒಪ್ಪಿಸುತ್ತಾನೆ.

ಸಿಗ್ಮಂಡ್ ಫ್ರಾಯ್ಡ್‌ನನ್ನೇ ನೋಡಿ. ಕಂಡವರ ಮನಸ್ಸಿನ ಅಟ್ಟವನ್ನೆಲ್ಲ ಜಾಲಾಡಿದ ಮಹಾನುಭಾವ ದಿನಕ್ಕೆ ಸುಮಾರು 20 ಸಿಗಾರ್ ಸುಡುತ್ತಿದ್ದ. ಎದೆ ಡವಗುಟ್ಟಿದಾಗ ವೈದ್ಯಮಿತ್ರ ಫ್ಲೀಸ್ ಬೇಡವೆಂದ. ಬಿಟ್ಟ, ಮತ್ತೆ ಹಿಡಿದ. ಅದಿಲ್ಲದೆ ಕೆಲಸ ಸಾಗದಂತೆ! 1923ರಲ್ಲಿ ಬಾಯಿಯ ಕ್ಯಾನ್ಸರ್ ಬಂತು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಕೃತಕ ಅಂಗುಳವೂ ಬಂತು. ಸಿಗಾರ್ ಮಾತ್ರ ಹೋಗಲಿಲ್ಲ. ಎಳೆಗೂಸಿನ ಚೀಪುವ ಸುಖವೇ ಮುಂದೆ ಧೂಮಪಾನದ ಆಸೆಯಾದೀತು ಎಂದು 1905ರಲ್ಲೇ ಬರೆದವನೂ ಇವನೇ. ರೋಗನಿದಾನ ಪಕ್ಕಾ. ಔಷಧ ಮಾತ್ರ ಊರವರಿಗೆ.

ನಮ್ಮ ಧರ್ಮರಾಯ ಇನ್ನೂ ಒಂದು ಕೈ ಮೇಲು. ಸೋತದ್ದನ್ನೆಲ್ಲ ಧೃತರಾಷ್ಟ್ರ ವಾಪಸು ಕೊಟ್ಟು ಕಳಿಸಿದರೂ, ಇನ್ನೊಂದಾಟಕ್ಕೆ ಕರೆ ಬಂದದ್ದೇ ತಡ, ಹಿಂದಿರುಗಿ ಬಂದು ಪಗಡೆಗೆ ಕೂತ. ಕೇಳಿದರೆ ಹಿರಿಯರ ಆಜ್ಞೆ! ಶಾಸ್ತ್ರ ಓದದವನಿಗೆ ಇಷ್ಟು ಒಳ್ಳೆಯ ನೆಪ ಹೊಳೆಯುತ್ತಿತ್ತೇ?

ಮೊನ್ನೆ ಆಸ್ಪತ್ರೆಯ ಹಿಂದಿನ ಗೂಡಂಗಡಿಯಲ್ಲಿ ಹೃದಯತಜ್ಞರೊಬ್ಬರು ಸಿಗರೇಟು ಹಚ್ಚಿದ್ದರು. “ಏನ್ ಡಾಕ್ಟ್ರೇ, ನೀವೂನಾ?” ಎಂದೆ. “ಇದರ ಅಪಾಯ ನಿಮಗಿಂತ ನನಗೇ ಚೆನ್ನಾಗಿ ಗೊತ್ತು ಸ್ವಾಮಿ, ಅದಕ್ಕೇ ಅರ್ಧಕ್ಕೇ ಎಸೀತೀನಿ” ಎಂದವರು, ಎಸೆದು, ಇನ್ನೊಂದು ಹಚ್ಚಿಕೊಂಡರು.