ಸರ್ವರೋಗನಿವಾರಕ ಜಾಹೀರಾತಿಗೊಂದು ಬಹಿರಂಗ ಪತ್ರ

ಮ॥ ರಾ॥ ರಾ॥ ಸರ್ವರೋಗನಿವಾರಕ ಜಾಹೀರಾತು ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಓದುವ ಒಬ್ಬ ಓದುಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾವು ಹಿರಿಯರು. 1780ರಲ್ಲಿ ಕಲ್ಕತ್ತೆಯಲ್ಲಿ ಹಿಕ್ಕಿಯ ‘ಬೆಂಗಾಲ್ ಗೆಜೆಟ್’ ಹೊರಟಾಗಲೇ ತಮ್ಮ ಮನೆತನದವರು ಅದರ ಪುಟಗಳಲ್ಲಿ ಮನೆ ಮಾಡಿದ್ದರು. ಆಮೇಲೆ ಬಂದ ದೊಡ್ಡ ಪತ್ರಿಕೆಗಳಲ್ಲಂತೂ ಮುಖಪುಟವೇ ತಮಗೆ ಜಹಗೀರು. ಮದರಾಸಿನ ‘ದಿ ಹಿಂದೂ’ ಮುಖಪುಟ ಸುದ್ದಿಯ ಪಾಲಿಗೆ ಬಂದದ್ದು 1958ರಲ್ಲಿ. ಅಲ್ಲಿಯವರೆಗೆ ಯುದ್ಧವೂ ಬರಗಾಲವೂ ಸ್ವಾತಂತ್ರ್ಯವೂ ಒಳಪುಟದಲ್ಲೇ ತಮಗಾಗಿ ಕಾದವು. ಇಷ್ಟು ಗೌರವ ಪಡೆದವರಲ್ಲಿ ನನ್ನ ಮೊದಲ ವಿನಂತಿ ಚಿಕ್ಕದು: ಸೀಸೆಯೊಳಗೆ ಏನಿದೆ ಎಂದು ದಯಮಾಡಿ ಹೇಳಬೇಕು.

ಏಕೆಂದರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ತಮ್ಮಲ್ಲಿದೆ. ಎರಡು ಬೆರಳಗಲದ ಚೌಕಟ್ಟು. ಮೇಲೆ ತೋರುಬೆರಳು ಚಾಚಿದ ಕೈಯ ಅಚ್ಚು. ದಪ್ಪಕ್ಷರದಲ್ಲಿ ಔಷಧದ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಚಳಿಜ್ವರ, ಮೂಲವ್ಯಾಧಿ, ಮಧುಮೇಹ, ಉಬ್ಬಸ, ಮೂರ್ಛೆ, ಮರೆವು. ಎಲ್ಲಕ್ಕೂ ಅದೇ ಸೀಸೆ. ಆಮೇಲೆ ದೂರದ ಊರಿನ ಯಾವನೋ ಗುಮಾಸ್ತ ಬರೆದನೆಂಬ ಮೆಚ್ಚುಗೆಯ ಕಾಗದ, ನಕಲಿ ಮಾಲಿನ ಬಗ್ಗೆ ಎಚ್ಚರಿಕೆ, ರೂಪಾಯಿ ಆಣೆ ಪೈಗಳಲ್ಲಿ ಬೆಲೆ, ಕೊನೆಯಲ್ಲಿ ‘ವಿ.ಪಿ. ಖರ್ಚು ಬೇರೆ’.

ಆ ವಿ.ಪಿ.ಯ, ಅಂದರೆ ವ್ಯಾಲ್ಯೂ ಪೇಯಬಲ್ ಅಂಚೆಯ ವಿಷಯದಲ್ಲಿ ತಮ್ಮ ಚಾತುರ್ಯಕ್ಕೆ ತಲೆಬಾಗಲೇಬೇಕು. 1877ರಲ್ಲಿ ಅಂಚೆ ಇಲಾಖೆ ಈ ಪದ್ಧತಿ ತಂದದ್ದು ವ್ಯಾಪಾರಕ್ಕೆ ಅನುಕೂಲವಾಗಲೆಂದು, ಅನುಕೂಲವೂ ಆಯಿತು. ಡಾಕ್ಟರನ್ನೇ ಕಾಣದ ಹಳ್ಳಿಗೂ ಪುಸ್ತಕ, ಗಡಿಯಾರ, ಬಿತ್ತನೆ ಬೀಜ ತಲುಪಿದವು. ಆದರೆ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟ ಮೇಲಷ್ಟೇ ಪಾರ್ಸೆಲ್ಲು ಬಿಚ್ಚಬೇಕೆಂಬ ನಿಯಮ ತಮಗೆ ವರವಾಯಿತು. ಬಿಚ್ಚಿ ನೋಡುವ ಹೊತ್ತಿಗೆ ಹಣ ಹೊರಟುಹೋಗಿರುತ್ತಿತ್ತು. ಬಂಗಾಳದಲ್ಲಿ 1892ರಿಂದ ಅದೇ ಅಂಚೆ ಕಚೇರಿಗಳು ಕ್ವಿನೀನನ್ನು ಪೊಟ್ಟಣ ಕಟ್ಟಿ ಕಾಸಿಗೊಂದರಂತೆ ಮಾರಿದವು. ಪೊಟ್ಟಣದಲ್ಲಿರುವುದು ಕ್ವಿನೀನು, ಅದು ಚಳಿಜ್ವರಕ್ಕೆ. ಇಷ್ಟು ಹೇಳಲು ಅದಕ್ಕೆ ನಾಚಿಕೆಯಾಗಲಿಲ್ಲ. ಅದೇ ಅಂಚೆಚೀಲದಲ್ಲಿ ಪ್ರಯಾಣ ಮಾಡಿದ ತಾವು ಅದರಿಂದ ಇಷ್ಟು ವಿದ್ಯೆ ಕಲಿಯಬಹುದಿತ್ತು.

ಕಾಲರಾ ಕಾಲದಲ್ಲಿ ತಾವು ಮಾಡಿದ ಸೇವೆಯನ್ನೂ ನೆನೆಯಬೇಕು. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಡಾಕ್ಟರ್ ಕಾಲಿಸ್ ಬ್ರೌನ್ 1848ರಲ್ಲಿ ಕೂಡಿಸಿದ ಕ್ಲೋರೋಡೈನ್ ದಶಕಗಟ್ಟಲೆ ತಮ್ಮ ಬೆನ್ನೇರಿ ಮನೆಮನೆ ಸೇರಿತು. ಅದರಲ್ಲಿದ್ದದ್ದು ಅಫೀಮಿನ ಸಾರ, ಗಾಂಜಾ, ಕ್ಲೋರೋಫಾರಂ. ಭೇದಿ ತಡೆಯುತ್ತಿತ್ತು, ನೋವು ಮರೆಸುತ್ತಿತ್ತು, ಕೆಲವರಿಗೆ ಚಟವನ್ನೂ ಅಂಟಿಸುತ್ತಿತ್ತು. ಆದರೆ ಕಾಲರಾ ಕೊಲ್ಲುವುದು ಮೈಯ ನೀರು ಹಿಂಡಿ. ಕಳೆದ ನೀರನ್ನೂ ಉಪ್ಪನ್ನೂ ರಕ್ತನಾಳದ ಮೂಲಕ ತುಂಬಿಸಿ ಸಾವು ತಗ್ಗಿಸಬಹುದೆಂದು ಡಾಕ್ಟರ್ ಲಿಯೊನಾರ್ಡ್ ರೋಜರ್ಸ್ ಕಲ್ಕತ್ತೆಯ ಆಸ್ಪತ್ರೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ತೋರಿಸಿದರು. ಪ್ಲೇಗಿನ ಕತೆಯೂ ಇದೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹ್ಯಾಫ್‌ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಅದಕ್ಕೆ ಲಸಿಕೆ ಸಿದ್ಧಪಡಿಸಿ ಒಂದು ವರ್ಷವಾಗಿತ್ತು. ಜನ ಸರ್ಕಾರದ ಸೂಜಿಗೆ ಹೆದರಿದರು, ತಮ್ಮ ಅಕ್ಷರಕ್ಕೆ ಹೆದರಲಿಲ್ಲ. ಅಚ್ಚಾದದ್ದು ಸುಳ್ಳಿರಲಾರದೆಂಬ ಆ ನಂಬಿಕೆ ಯಾರದೋ ಪುಣ್ಯದ ಗಳಿಕೆ. ಅದನ್ನು ಖರ್ಚು ಮಾಡಿದವರು ತಾವು.

ತಮ್ಮ ದಾನಗುಣವನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಗುಳಿಗೆ, ಮುಲಾಮುಗಳ ಥಾಮಸ್ ಹಾಲೋವೇ ಲೋಕದ ಹತ್ತಾರು ಭಾಷೆಗಳಲ್ಲಿ ಜಾಹೀರಾತು ಹಾಕಿಸಿ ಕೂಡಿಸಿದ ಹಣದಲ್ಲಿ ಲಂಡನ್ನಿನ ಬಳಿ ಹೆಣ್ಣುಮಕ್ಕಳಿಗೆ ಭವ್ಯವಾದ ಕಾಲೇಜು ಎದ್ದಿತು. 1886ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಬಾಗಿಲು ತೆರೆದಳು. ಅದಕ್ಕೆ ಕೈಮುಗಿಯುತ್ತೇನೆ. ಆದರೆ 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಇಂಥ ಗುಟ್ಟಿನ ಔಷಧಗಳನ್ನು ಪರೀಕ್ಷಿಸಿ ಪುಸ್ತಕ ಮಾಡಿತು. ಜಗತ್ಪ್ರಸಿದ್ಧ ಬೀಚಮ್ ಗುಳಿಗೆಯಲ್ಲಿ ಸಿಕ್ಕಿದ್ದು ಲೋಳೆಸರ, ಶುಂಠಿ, ಸಾಬೂನು. ಹೊಟ್ಟೆ ತೊಳೆಯುವ ಕೆಲಸಕ್ಕೆ ಅಡ್ಡಿಯಿಲ್ಲ. ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿಗೆ ಮಾರುತ್ತಿದ್ದ ಪೆಟ್ಟಿಗೆಯೊಳಗಿನ ಸಾಮಾನಿಗೆ ಅರ್ಧ ಫಾರ್ದಿಂಗ್. ಲೆಕ್ಕ ಹಾಕಿದರೆ ನೂರೆಂಟು ಪಟ್ಟು. ಬ್ರಿಟನ್ನಿನ ಪಾರ್ಲಿಮೆಂಟು ಸಮಿತಿ ಕೂಡಿಸಿ ವಿಚಾರಣೆಯನ್ನೂ ಮಾಡಿತು. ವರದಿ ಹೊರಬಿದ್ದದ್ದು 1914ರ ಆಗಸ್ಟ್ 4ರಂದು, ಮಹಾಯುದ್ಧಕ್ಕೆ ಬ್ರಿಟನ್ ಇಳಿದ ದಿನವೇ. ವರದಿಯನ್ನು ಓದುವವರಿಲ್ಲವಾಯಿತು.

ಹುಡುಗರಿಗೆ ತಾವು ಕಲಿಸಿದ್ದು ಭಯ. ಧಾತುಕ್ಷಯವೆಂದು ಹೆದರಿಸಿ ಆಮೇಲೆ ಧಾತುಪುಷ್ಟಿ ಮಾರಿದಿರಿ. ಆರೋಗ್ಯವಾಗಿದ್ದವನೂ ಕನ್ನಡಿಯಲ್ಲಿ ರೋಗಿಯನ್ನು ಕಂಡ. ಹೆಂಗಸರಿಗೆ ‘ಮುಟ್ಟಿನ ತಡೆ’ ನಿವಾರಣೆಯೆಂದು ಒಗಟಿನಲ್ಲಿ ಮಾತಾಡಿದಿರಿ. ಆ ಒಗಟನ್ನು ಸರಿಯಾಗಿ ಬಿಡಿಸಿಕೊಂಡವಳು ಕದ್ದು ತರಿಸಿ ಕದ್ದು ಕುಡಿದಳು. ಏನಾದರೂ ಆದರೆ ಹೇಳಿಕೊಳ್ಳಲು ಅವಳಿಗೆ ಬಾಯಿರಲಿಲ್ಲ. ತಮ್ಮ ಮೆಚ್ಚುಗೆಯ ಕಾಗದಗಳಲ್ಲಿ ಅಂಥವಳ ಕಾಗದ ಒಂದೂ ಇಲ್ಲ.

ಇನ್ನು ನನ್ನ ದೊಡ್ಡ ದೂರು. ತಮ್ಮದೇ ಪುಟದಲ್ಲಿ, ಒಂದು ಗೆರೆಯ ಆಚೆಗೆ, ನಿಜ ಹೇಳುವವರೂ ಕೂತಿದ್ದರು. ಸೌದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಮಣ್ಣನ್ನು ಮಗುಚಿ ಹಾಕುವ ಗಟ್ಟಿ ಮಾಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದರು. ಅವರನ್ನು ದಡ್ಡರೆನ್ನುವವರ ಜೊತೆ ನಾನಿಲ್ಲ. ಬರೆದದ್ದನ್ನು ನಂಬಿ ವಿ.ಪಿ. ಬಿಡಿಸಿಕೊಂಡು ಕೈಸುಟ್ಟುಕೊಂಡವರ ಕತೆ ಊರೂರಲ್ಲಿ ಇದ್ದಾಗ, ಅದೇ ಚೌಕಟ್ಟಿನಲ್ಲಿ ಅದೇ ದಪ್ಪಕ್ಷರದಲ್ಲಿ ನೇಗಿಲನ್ನು ಹೊಗಳಿದರೆ ರೈತ ಯಾಕೆ ನಂಬಬೇಕು? ನೇಗಿಲು ಹೊಲಕ್ಕಿಳಿದು ಉತ್ತು ತೋರಿಸಬೇಕಾಯಿತು. ಮಾತಿನಿಂದ ಗೆಲ್ಲುವ ದಾರಿಯನ್ನು ತಾವು ಮುಚ್ಚಿದ್ದಿರಿ. ಗುಳಿಗೆಯ ಸುಳ್ಳಿಗೆ ನೇಗಿಲು ದಂಡ ತೆತ್ತಿತು. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿಯೇ.

ಪತ್ರಿಕೆಗಳನ್ನು ಸಾಕಿದ್ದು ತಾವೇ ಎಂಬ ಮಾತು ಬರುತ್ತದೆ. ಒಪ್ಪುತ್ತೇನೆ. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಅಮೃತಾಂಜನ ಶುರುಮಾಡಿ, ಆ ದುಡ್ಡಿನ ಬಲದಿಂದ 1908ರಲ್ಲಿ ಬೊಂಬಾಯಿಯಲ್ಲಿ ‘ಆಂಧ್ರ ಪತ್ರಿಕೆ’ ಹೊರಡಿಸಿದರು. ತಲೆನೋವಿಗೆಂದು ಹೇಳಿ ತಲೆನೋವಿನ ಮುಲಾಮನ್ನೇ ಮಾರಿ ರಾಷ್ಟ್ರೀಯ ಪತ್ರಿಕೆ ನಡೆಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಗಾಂಧೀಜಿ ‘ಯಂಗ್ ಇಂಡಿಯಾ’, ‘ನವಜೀವನ’ಗಳಲ್ಲಿ ಜಾಹೀರಾತಿಗೇ ಜಾಗ ಕೊಡಲಿಲ್ಲ. ಎಲ್ಲ ಸಂಪಾದಕರೂ ಹಾಗಿರಲು ಆಗುತ್ತಿರಲಿಲ್ಲ, ಚಂದಾ ಹಣದಲ್ಲಿ ಕಾಗದದ ಖರ್ಚೂ ಹುಟ್ಟದ ಕಾಲ ಅದು. ಬಡ ಸಂಪಾದಕನ ಆ ಇಕ್ಕಟ್ಟನ್ನೇ ತಾವು ಹಿಡಿದು ಜಗ್ಗಿದಿರಿ.

ಕಾನೂನೂ ತಮ್ಮನ್ನು ಹುಡುಕಿಕೊಂಡು ಬಂತು, ನಿಧಾನವಾಗಿ. ರಾಮನಾಥ ಚೋಪ್ರಾ ಅವರ ಸಮಿತಿ 1930-31ರಲ್ಲಿ ದೇಶದ ಔಷಧ ಮಾರುಕಟ್ಟೆಯನ್ನು ಜಾಲಾಡಿತು. 1940ರಲ್ಲಿ ಔಷಧ ಕಾಯ್ದೆ, 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ತಮ್ಮ ಕಡೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1959ರ ಡಿಸೆಂಬರಿನಲ್ಲಿ ಕೋರ್ಟು ಕೆಲವು ಕಲಮುಗಳ ಭಾಗಗಳನ್ನು ತೆಗೆದುಹಾಕಿತಾದರೂ, ಇಂಥ ಔಷಧಗಳ ಜಾಹೀರಾತಿಗೆ ಆ ಸ್ವಾತಂತ್ರ್ಯದ ರಕ್ಷಣೆ ಸಿಗದೆಂದಿತು. 1954ರ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವಿದೆ, ಕ್ಯಾನ್ಸರ್ ಇದೆ, ಕುರುಡುತನವಿದೆ. ಈ ರೋಗಗಳನ್ನು ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಹಾಕುವುದು ಅಪರಾಧ, ಅಚ್ಚು ಹಾಕುವುದೂ ಅಪರಾಧ.

ಆದರೂ ತಾವು ಕ್ಷೇಮವಾಗಿದ್ದೀರಿ. ತೋರುಬೆರಳಿನ ಅಚ್ಚು ಹೋಗಿ ವಾಟ್ಸಾಪ್ ನಂಬರು ಬಂದಿದೆ, ವಿ.ಪಿ. ಹೋಗಿ ಕ್ಯಾಶ್ ಆನ್ ಡೆಲಿವರಿ ಬಂದಿದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟು ತಮ್ಮ ಪುಡಿ ನೆಚ್ಚಿಕೊಳ್ಳುವುದು ಇಂದಿಗೂ ನಿಂತಿಲ್ಲ. ಹಾಗಾಗಿ ತಮ್ಮಲ್ಲಿ ಬೇಡಿಕೊಳ್ಳುವುದನ್ನು ಬಿಟ್ಟು ಓದುಗರನ್ನು ಕೇಳಿಕೊಳ್ಳುತ್ತೇನೆ: ಮಧುಮೇಹವನ್ನೋ ಕ್ಯಾನ್ಸರನ್ನೋ ಬುಡಸಮೇತ ಕೀಳುತ್ತೇವೆನ್ನುವ ಜಾಹೀರಾತು ಕಂಡರೆ ಕತ್ತರಿಸಿ ಇಟ್ಟುಕೊಳ್ಳಿ, ಪತ್ರಿಕೆಯ ಹೆಸರು, ತಾರೀಖು ಬರೆದು ಔಷಧ ನಿಯಂತ್ರಣಾಧಿಕಾರಿಗಳಿಗೆ ಕಳಿಸಿ, ಒಂದು ಪ್ರತಿಯನ್ನು ಆ ಪತ್ರಿಕೆಯ ಸಂಪಾದಕರಿಗೂ ಕಳಿಸಿ. 1954ರ ಕಾಯ್ದೆ ಇನ್ನೂ ಜಾರಿಯಲ್ಲಿದೆ.

ಇತಿ,
ಒಬ್ಬ ಓದುಗ