ಜಪಾನಿನ ದವಾಖಾನಿ, ರಾಮಸಮುದ್ರದ ಬೇಲಿ

ಪರದೇಶದಿಂದ ರಜೆಗೆ ಬಂದವನು ಮೊದಲ ವಾರ ಆ ದೇಶವನ್ನು ಹೊಗಳುತ್ತಾನೆ, ಎರಡನೇ ವಾರ ನಮ್ಮ ದೇಶವನ್ನು ಬೈಯುತ್ತಾನೆ, ಮೂರನೇ ವಾರ ಹೊಟ್ಟೆ ಕೆಟ್ಟು ಸುಮ್ಮನಾಗುತ್ತಾನೆ. ನಮ್ಮ ಬೇಲಿಯಾಚೆಯ ಗೌಡರ ಮಗ ಈ ಪದ್ಧತಿ ಮುರಿದ. ಮೈಲಾಪುರ ಮಲ್ಲಯ್ಯನ ಜಾತ್ರೆಗೆಂದು ಬಂದವನು ಜಾತ್ರೆಯ ಭಜಿ ತಿಂದು ಮೊದಲ ವಾರವೇ ಹೊಟ್ಟೆ ಕೆಡಿಸಿಕೊಂಡ. ಹಾಗಾಗಿ ಉಳಿದ ರಜೆಯೆಲ್ಲ ಬಾಯಿಗೆ ಮಾತಾಡಲು ಬಿಡುವಾಯಿತು.

ಅವನ ಸಂಸಾರ ಟೋಕಿಯೊದ ನಿಶಿ ಕಸಾಯ್ ಎಂಬಲ್ಲಿ. 2000ನೇ ಇಸವಿಯ ಆಚೀಚೆ ಕಂಪ್ಯೂಟರ್ ಎಂಜಿನಿಯರುಗಳು ಒಬ್ಬರ ಹಿಂದೊಬ್ಬರು ಹೋಗಿ ಬಿಡಾರ ಹೂಡಿದ್ದರಿಂದ ಆ ಕಡೆ ಈಗ ನಮ್ಮವರದೇ ದೊಡ್ಡ ಕೇರಿಯಾಗಿದೆ. ತೊಗರಿಬೇಳೆಯೂ ಸಿಗುತ್ತದೆ, ಜಗಳವೂ ಸಿಗುತ್ತದೆ. ನಮ್ಮ ರಾಮಸಮುದ್ರದವರಿಗೆ ಅವನು ಅಲ್ಲಿಗೆ ಹೋಗುವ ತನಕ ಜಪಾನು ಎಂದರೆ ಹೀರೊ ಹೊಂಡಾ. ಆ ಎರಡು ಕಂಪನಿ ಬೇರೆಯಾಗಿ ಎಷ್ಟು ವರ್ಷವಾದರೂ ನಮ್ಮೂರಲ್ಲಿ ಮಾತ್ರ ಅವು ಇನ್ನೂ ಕೂಡಿಯೇ ಬಾಳುತ್ತಿವೆ.

ಗೌಡರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಜಾಲಿ ಮುಳ್ಳಿನ ಬೇಲಿ. ಒಂದು ಕಡೆ ಕುಸಿದಿದೆ. ಮಾತು ದಾಟಲು ಸಲೀಸಾಗಲಿ ಅಂತಲೋ ಏನೋ, ಇಬ್ಬರೂ ರಿಪೇರಿಯ ಗೊಡವೆಗೆ ಹೋಗಿಲ್ಲ. ಈ ಸಲ ಆ ಕಿಂಡಿಯಿಂದ ದಾಟಿ ಬಂದದ್ದೆಲ್ಲ ಜಪಾನಿನ ದವಾಖಾನಿ. ಅದಕ್ಕೆ ಕಾರಣ ಗೌಡರ ಮೊಣಕಾಲು. ಎದ್ದರೆ ಕಟಕ್, ಕೂತರೆ ಕಟಕ್.

“ಸರ್, ಅಲ್ಲಿ ದವಾಖಾನಿಗಿ ಹೋಗೋ ಮೊದಲ ಎಷ್ಟು ರೊಕ್ಕ ಆಗ್ತದಂತ ಅಂದಾಜು ಇರ್ತದ ನೋಡ್ರಿ,” ಅಂದ ಹುಡುಗ. ಹುಡುಗ ಅಂದೆ, ನಲವತ್ತು ದಾಟಿದೆ. ನನ್ನ ಕೈಯಲ್ಲಿ ಕಲಿತವರೆಲ್ಲ ನನಗೆ ಹುಡುಗರೇ. “ನೂರು ರೂಪಾಯಿ ಬಿಲ್ ಆದ್ರ ಎಪ್ಪತ್ತು ವಿಮಾದವರು ಕೊಡ್ತಾರ, ಮೂವತ್ತು ನಾವು ಕೊಡಬೇಕು. ಎಪ್ಪತ್ತೈದು ದಾಟಿದ ಮುದುಕರಿಗಿ ಬಹಳ ಮಂದಿಗಿ ಹತ್ತೇ.”

1961ರಲ್ಲೇ ಜಪಾನು ಊರಿಗೂರನ್ನೇ ವಿಮೆಯೊಳಗೆ ತಂದುಬಿಟ್ಟಿತು. ನೌಕರಿಯವರಿಗೆ ಕಂಪನಿಯ ಕಡೆಯಿಂದ, ಅರ್ಧ ಕಂತು ಪಗಾರದಲ್ಲಿ ಕಡಿತ, ಅರ್ಧ ಕಂಪನಿಯದು. ಒಕ್ಕಲಿಗರು, ಅಂಗಡಿಯವರು, ನೌಕರಿ ಇಲ್ಲದವರು ತಮ್ಮ ನಗರಸಭೆಯಲ್ಲಿ ಕಟ್ಟಬೇಕು. ಮೂರು ತಿಂಗಳಿಗಿಂತ ಹೆಚ್ಚು ಇರಲು ಬಂದ ಪರದೇಶದವನೂ ಸೇರಲೇಬೇಕು, ಬೇಡ ಅನ್ನುವಂತಿಲ್ಲ. ಹಲ್ಲು ಕೀಳಿಸುವುದೂ ಇದರಲ್ಲೇ ಬರುತ್ತದೆ.

ಆದರೆ ಅವನು ಹೇಳಿದ್ದರಲ್ಲಿ ನನ್ನ ತಲೆ ಹೊಕ್ಕಿದ್ದು ಎಪ್ಪತ್ತು ಮೂವತ್ತರ ಲೆಕ್ಕಕ್ಕಿಂತ ಆ ನೂರರ ಲೆಕ್ಕ. ನೂರು ಅನ್ನುವುದನ್ನು ಅಲ್ಲಿ ಯಾರು ಗೊತ್ತು ಮಾಡುತ್ತಾರೆ? ಸರ್ಕಾರ. ರಕ್ತ ಪರೀಕ್ಷೆಗೆ ಇಷ್ಟು, ಎಕ್ಸ್‌ರೇಗೆ ಇಷ್ಟು, ಅಪೆಂಡಿಕ್ಸ್ ಕೊಯ್ಯಲು ಇಷ್ಟು ಅಂತ ಅಂಕ ಹಾಕಿಟ್ಟಿದ್ದಾರೆ. ಒಂದು ಅಂಕಕ್ಕೆ ಹತ್ತು ಯೆನ್. ಎರಡು ವರ್ಷಕ್ಕೊಮ್ಮೆ ಪಟ್ಟಿ ತಿದ್ದುತ್ತಾರೆ. ಟೋಕಿಯೊದ ನಡುಪೇಟೆಯಲ್ಲಿ ಮಾಡಿಸಿಕೊಂಡರೂ ಹೊಕ್ಕೈಡೊದ ಹಳ್ಳಿಯಲ್ಲಿ ಮಾಡಿಸಿಕೊಂಡರೂ ಅದೇ ಪಟ್ಟಿ. ದವಾಖಾನಿಗಳು ಬಹುಪಾಲು ಖಾಸಗಿಯವೇ, ದರ ಮಾತ್ರ ಸರ್ಕಾರದ್ದು.

“ಡಾಕ್ಟರ್ ದೊಡ್ಡವ ಇದ್ರ?” ಕೇಳಿದರು ಗೌಡರು.

“ದೊಡ್ಡವ ಇದ್ರೂ ಅಷ್ಟ, ಸಣ್ಣವ ಇದ್ರೂ ಅಷ್ಟ, ಅಪ್ಪಾ.”

“ಹಂಗಾದ್ರ ಅವ ದೊಡ್ಡವಂತ ಮಂದಿಗಿ ಹ್ಯಾಂಗ ಗೊತ್ತಾಗ್ತದಲೇ?”

ಇದಕ್ಕೆ ಹುಡುಗನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ. ಫೀಸು ಹೆಚ್ಚಿದ್ದಷ್ಟೂ ಕೈಗುಣ ಹೆಚ್ಚು ಎಂಬುದು ಗೌಡರ ಗಟ್ಟಿ ನಂಬಿಕೆ. ರಾಯಚೂರಿನಲ್ಲಿ ಗುಣವಾಗುವ ಬ್ಯಾನಿಯನ್ನು ಕಲಬುರಗಿಗೆ ಒಯ್ದು, ಅಲ್ಲಿಯೂ ಅಗ್ಗವಾಯಿತೆಂದು ಹೈದರಾಬಾದಿಗೆ ಒಯ್ದವರು ಅವರು.

ಗೌಡರಿಗೆ ಇನ್ನೂ ದೊಡ್ಡ ಆಘಾತವಾದದ್ದು ಸೂಜಿಯ ಸಂಗತಿ ಕೇಳಿ. ಜ್ವರ ಬಂತೆಂದು ಹೋದರೆ ಅಲ್ಲಿ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುತ್ತಾರೆ, ಗುಳಿಗಿ ಎಣಿಸಿ ಕೊಡುತ್ತಾರೆ, ಮನೆಯಲ್ಲಿ ಮಲಗು ಅನ್ನುತ್ತಾರೆ. ಗುಳಿಗಿ ಕೊಡುವ ಅಂಗಡಿ ಬಹುತೇಕ ಕಡೆ ಬೇರೆ, ಅಲ್ಲೊಂದು ಪುಟ್ಟ ಪುಸ್ತಕದಲ್ಲಿ ಕೊಟ್ಟ ಔಷಧದ ಚೀಟಿ ಅಂಟಿಸುತ್ತಾರೆ. ಮುಂದಿನ ಡಾಕ್ಟರು ಅದನ್ನು ನೋಡಿ ಬರೆಯುತ್ತಾರೆ. ಸೂಜಿಯಿಲ್ಲ, ಸಲಾಯಿನ್ ಇಲ್ಲ. “ಸೂಜಿ ಮಾಡಲಿಲ್ಲಂದ್ರ ಅದೆಂಥ ದವಾಖಾನಿ? ನಮ್ಮ ಆರೆಂಪಿ ಡಾಕ್ಟರೇ ಚಲೋ, ಹೋದ ಕೂಡ್ಲೇ ಒಂದು ಚುಚ್ಚಿ ಕಳಸ್ತಾನ,” ಅಂದರು. ಹಳ್ಳಿಯ ಅರ್ಧ ವೈದ್ಯ ಸೂಜಿಯಲ್ಲಿದೆ, ಉಳಿದರ್ಧ ಡಾಕ್ಟರು ಕೈ ಹಿಡಿದು “ಏನಾಗಂಗಿಲ್ಲ ಬಿಡು” ಅನ್ನುವುದರಲ್ಲಿದೆ. ಎರಡನೆಯದು ಜಪಾನಿನಲ್ಲೂ ಅಪರೂಪವಂತೆ. ಮೂರು ತಾಸು ಕಾಯುವುದು, ಮೂರು ನಿಮಿಷ ತೋರಿಸುವುದು ಅಂತ ಅವರೇ ತಮ್ಮ ದವಾಖಾನಿಗಳನ್ನು ಹಂಗಿಸಿಕೊಳ್ಳುತ್ತಾರೆ. ಅಗ್ಗವಾಗಿರುವುದರಿಂದ ಮಂದಿ ಸಣ್ಣದಕ್ಕೂ ಓಡುತ್ತಾರೆ. ಒಬ್ಬೊಬ್ಬರು ವರ್ಷಕ್ಕೆ ಸರಾಸರಿ ಹತ್ತು ಸಲಕ್ಕಿಂತ ಹೆಚ್ಚು ಡಾಕ್ಟರ ಮುಖ ನೋಡುತ್ತಾರೆ. ನೇರ ದೊಡ್ಡ ಆಸ್ಪತ್ರೆಗೇ ನುಗ್ಗಬಾರದೆಂದು, ಸಣ್ಣ ಕ್ಲಿನಿಕ್ಕಿನ ಚೀಟಿಯಿಲ್ಲದೆ ಬಂದವರಿಂದ 2022ರ ಅಕ್ಟೋಬರಿನಿಂದ ಕಮ್ಮಿಯೆಂದರೂ 7,000 ಯೆನ್ ಹೆಚ್ಚಿಗೆ ಕೀಳುತ್ತಾರೆ.

ಈಗ ನಮ್ಮ ಕಡೆಯ ಲೆಕ್ಕಕ್ಕೆ ಬರೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಲ್ಲಿ ಬಂತು. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಇದು ಸಣ್ಣ ಮಾತಲ್ಲ. ನಮ್ಮೂರಲ್ಲೇ ಎದೆ ಆಪರೇಷನ್ ಮಾಡಿಸಿಕೊಂಡು ಬಂದು ತೊಗರಿ ರಾಶಿ ಮಾಡಿದವರಿದ್ದಾರೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಮೂವತ್ತು ಪರ್ಸೆಂಟ್ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ ಎಪ್ಪತ್ತು ನಮ್ಮದು. ಜಪಾನಿನ ಅಂಕಿಯನ್ನೇ ಯಾರೋ ತಲೆಕೆಳಗು ಹಿಡಿದು ನಕಲು ಮಾಡಿದಂತಿದೆ. ಗೌಡರದು ಎಪಿಎಲ್, ನನ್ನದೂ ಎಪಿಎಲ್.

ದರ ಗೊತ್ತು ಮಾಡುವ ಯತ್ನ ನಮ್ಮಲ್ಲಿ ಆಗಲಿಲ್ಲ ಅಂತೇನಿಲ್ಲ. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದ ತುಂಬ ಮುಷ್ಕರ ಹೂಡಿದರು. ಬೆಳಗಾವಿಯಲ್ಲಿ ಅಧಿವೇಶನ ನಡೆದಿತ್ತು. ಕೊನೆಗೆ ಕಾಯ್ದೆ ಬಂತು, ಆದರೆ ಸರ್ಕಾರ ದರ ಕಟ್ಟುವುದು ತನ್ನ ಯೋಜನೆಗಳ ರೋಗಿಗಳಿಗಷ್ಟೇ ಎಂದಾಯಿತು. ಉಳಿದವರಿಗೆ, ದರಪಟ್ಟಿ ಕಾಣುವಂತೆ ತೂಗುಹಾಕಿರಿ ಎಂದರು. ತೊಗರಿಗೆ ಬೆಂಬಲ ಬೆಲೆ ಘೋಷಣೆಯಾಗಿ ಖರೀದಿ ಕೇಂದ್ರ ತೆರೆಯದೆ ಉಳಿದರೆ ನಮ್ಮ ಪಾಡು ಏನಾಗುತ್ತದೋ, ಇದೂ ಅದೇ ಜಾತಿಯದು.

ಹುಡುಗ ನನ್ನ ಮಾತಿಗೆ ತಲೆದೂಗಿ, ಹುರುಪಿನಲ್ಲಿ ಸೊಂಟದ ವಿಷಯ ತೆಗೆದ. ಅಲ್ಲಿ ವರ್ಷಕ್ಕೊಮ್ಮೆ ನೌಕರರ ತಪಾಸಣೆ ಮಾಡಿಸುವುದು ಕಂಪನಿಗೆ ಕಾಯ್ದೆಯ ಕಟ್ಟು. ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ, ಮೇಜಿನ ಮೇಲೆ ಹೊರಳಿಸಿ ಹೊಟ್ಟೆಯ ಚಿತ್ರ ತೆಗೆಯುತ್ತಾರೆ. 2008ರಿಂದ ನಲವತ್ತು ದಾಟಿದವರ ಸೊಂಟವನ್ನೂ ಟೇಪು ಹಿಡಿದು ಅಳೆಯುತ್ತಾರೆ: ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಮೀರಿದವರಿಗೆ, ಸಕ್ಕರೆಯೋ ಬಿ.ಪಿ.ಯೋ ಜೊತೆಗಿದ್ದರೆ, ಊಟದ ಬುದ್ಧಿವಾದ ಹೇಳಲು ಒಬ್ಬರು ಬರುತ್ತಾರೆ. ಇದನ್ನು ಕೇಳಿದ್ದೇ ನಮ್ಮ ಮನೆಯಾಕೆ ಒಳಗಿನಿಂದ ಹೊಲಿಗೆಯ ಟೇಪು ತಂದಳು. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಗೌಡರ ಅಳತೆಗೆ ಟೇಪು ಸಾಕಾಯಿತು ಅಂತಷ್ಟೇ ಹೇಳಬಲ್ಲೆ. ನಮ್ಮಲ್ಲೂ ಆಶಾ ಕಾರ್ಯಕರ್ತೆ ಬಿ.ಪಿ., ಶುಗರ್ ನೋಡಲು ಮನೆಗೇ ಬರುತ್ತಾಳೆ. ಅವಳ ದನಿ ಕೇಳಿದೊಡನೆ ಗೌಡರಿಗೆ ಹೊಲದಲ್ಲಿ ಕೆಲಸ ನೆನಪಾಗುತ್ತದೆ.

ಇಷ್ಟು ಹೊತ್ತೂ ಗೌಡರ ಸೊಸೆ ಶೇಂಗಾ ಸುಲಿಯುತ್ತ ಸುಮ್ಮನಿದ್ದಳು. ಗಂಡ “ಟೋಕಿಯೊದಾಗ ಸಣ್ಣ ಹುಡುಗರಿಗಿ ದವಾಖಾನಿ ಪುಕಟ್ಟೆ” ಅಂದಾಗ ಬಾಯಿ ಬಿಟ್ಟಳು.

“ಪುಕಟ್ಟೆ ಖರೇ ಅದರಿ ಸರ್. ಆದ್ರ ಹುಡುಗಿಗಿ ಮೈ ಮೂವತ್ತೇಳೂವರೆ ಡಿಗ್ರಿ ಆತಂದ್ರ ಬಾಲವಾಡಿಯವರು ಫೋನ್ ಮಾಡ್ತಾರ, ‘ಬಂದು ಕರಕೊಂಡು ಹೋಗ್ರಿ’ ಅಂತ. ಇವರು ಮೀಟಿಂಗ್‌ನಾಗ. ನಾನೂ ಕೆಲಸದ ಮ್ಯಾಲ. ಔಷಧ ಪುಕಟ್ಟೆ, ಹುಡುಗೀನ ಹಿಡಕೊಂಡು ಕೂಡವರು ಯಾರು? ಇಲ್ಲಿ ನೋಡ್ರಿ, ಬಂದಾಗಿನಿಂದ ಅದು ನನ್ನ ಕೈಗೇ ಸಿಕ್ಕಿಲ್ಲ.”

ನಿಜ. ಮೊಮ್ಮಗಳು ಆ ಹೊತ್ತಿಗೆ ನಾಲ್ಕು ಮನೆ ದಾಟಿ ಯಾರದೋ ಅಟ್ಟಿಯಲ್ಲಿ ಕುರಿಮರಿ ಹಿಡಿದಿತ್ತು. ಅದಕ್ಕೆ ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನನ್ನು ತೋರಿಸಿ ತಂದಿದ್ದರು. ಕಮಾಕುರದಲ್ಲಿ ಬುದ್ಧ ಕೂತಿದ್ದಾನೆ, ಇಲ್ಲಿ ಯಾಕೆ ಮಲಗಿದ್ದಾನೆ ಅಂತ ಅದರ ಪ್ರಶ್ನೆ. “ನಮ್ಮ ಕಡಿ ಬುದ್ಧನ ಮಲಗ್ಯಾನವ್ವ, ಆರೋಗ್ಯ ಇಲಾಖೆ ಎದ್ದು ಕೂಡಂದ್ರ ಹ್ಯಾಂಗ?” ಅಂದಿದ್ದರು ಗೌಡರು.

ಸೊಸೆಯ ಮಾತು ಹೆರಿಗೆಗೆ ತಿರುಗಿತು. ಬಸುರಿಯಾಗುವುದು ರೋಗವಲ್ಲ ಅಂತ ಸಹಜ ಹೆರಿಗೆಯನ್ನು ಅಲ್ಲಿಯ ವಿಮೆಯಿಂದ ಹೊರಗಿಟ್ಟಿದ್ದರಂತೆ. ಬದಲಿಗೆ ಒಂದು ಗಂಟು ರೊಕ್ಕ, 2023ರ ಏಪ್ರಿಲಿನಿಂದ 5 ಲಕ್ಷ ಯೆನ್. ಟೋಕಿಯೊದಲ್ಲಿ ಅದೂ ಸಾಲುವುದಿಲ್ಲ. ನಮ್ಮ ತಾಯಿ ಕಾರ್ಡಿನಂತೆ ಅಲ್ಲಿ ತಾಯಿ ಮಗುವಿನ ಕೈಪುಸ್ತಕ ಇದೆ, 1948ರಿಂದ. ಮಗುವಿನ ತೂಕ, ಲಸಿಕೆ ಎಲ್ಲ ಅದರಲ್ಲಿ. ನನಗೆ ಖುಷಿಯಾದದ್ದು ಬೇರೆ ಒಂದು ಸಂಗತಿಗೆ. ಹೆರಿಗೆಗೆ ತವರಿಗೆ ಹೋಗುವ ರೂಢಿ ಜಪಾನಿನಲ್ಲೂ ಇದೆಯಂತೆ. ಬಾಣಂತನಕ್ಕೆ ತವರು ಮನೆ ಬೇಕೆನ್ನುವುದು ನಮ್ಮ ಯಾದಗಿರಿ ಸೀಮೆಯ ಹೆಣ್ಣುಮಕ್ಕಳ ಹಟವೊಂದೇ ಅಂದುಕೊಂಡಿದ್ದೆ. ಪಕ್ಕದ ಮನೆಯ ಜಪಾನಿ ಹೆಂಗಸು ತವರಿಗೆ ಹೋದಳು; ಇವಳ ತವರು ಇದ್ದದ್ದು ಸುರಪುರದಲ್ಲಿ.

“ಅಡ್ಮಿಟ್ ಆಗಬೇಕಂದ್ರ ಜಾಮೀನಿಗಿ ಒಬ್ಬರ ಸಹಿ ಕೇಳಿದ್ರು ಸರ್. ಬಾಡಗಿ ಮನಿಗೂ ಜಾಮೀನು, ದವಾಖಾನಿಗೂ ಜಾಮೀನು. ನಮ್ಮವರು ಅಂತ ಅಲ್ಲಿ ಯಾರದಾರ್ರಿ? ಇವರ ಆಫೀಸಿನವರನ್ನ ಹಿಡಕೊಂಡು ಬಂದ್ವಿ. ಇನ್ನ ನೋಡಲಿಕ್ಕ ಬರೋರಿಗಿ ಗಂಟಿ ಗೊತ್ತು ಮಾಡ್ಯಾರ. ಗಪ್‌ಚುಪ್ ಬರಬೇಕು, ಗಪ್‌ಚುಪ್ ಹೋಗಬೇಕು.”

ಯಾದಗಿರಿಯ ಸರ್ಕಾರಿ ದವಾಖಾನಿಯ ಅಂಗಳ ಕಣ್ಣೆದುರು ಬಂತು. ಒಬ್ಬ ರೋಗಿಗೆ ಎಂಟು ಮಂದಿ, ರೊಟ್ಟಿ ಗಂಟು, ನೀರಿನ ಕೊಡ, ಅತ್ತ ಅಳು, ಇತ್ತ ಎಲೆ ಅಡಿಕೆ. ನರ್ಸಮ್ಮ ಬೈದು ಕಳಿಸಿದಷ್ಟೂ ಹಿಂಬಾಗಿಲಿನಿಂದ ಮತ್ತೆ ಬರುತ್ತಾರೆ. ಡಾಕ್ಟರಿಗೆ ತೊಂದರೆ, ಸೋಂಕಿಗೆ ಹಬ್ಬ, ಹೌದು. ಆದರೆ ರೋಗಿ ಒಬ್ಬನೇ ಚಾವಣಿ ನೋಡುತ್ತ ಮಲಗುವ ಪ್ರಸಂಗ ನಮ್ಮಲ್ಲಿ ಕಡಿಮೆ. ಈ ಎರಡರಲ್ಲಿ ಒಂದನ್ನು ಆರಿಸಿಕೋ ಅಂದರೆ ನಾನು ದರಪಟ್ಟಿಯಿರುವ ಕಡೆಗೇ ಹೋಗುತ್ತೇನೆ. ಎಂಟು ಮಂದಿ ಬೇಕಾದರೆ ಅಲ್ಲಿಗೇ ಬರಲಿ.

ಆಂಬುಲೆನ್ಸ್ ಹೇಗೆ ಅಂತ ಕೇಳಿದೆ. ಅಲ್ಲಿ 119, ಪುಕಟ್ಟೆ, ಬೇಗ ಬರುತ್ತದೆ. ಬಂದ ಮೇಲೆ ಕೆಲವೊಮ್ಮೆ ಮನೆ ಮುಂದೆಯೇ ನಿಂತು, ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆಂದು ಫೋನ್ ಹಚ್ಚುತ್ತ ಇರುತ್ತದೆ. ನಮ್ಮ 108 ಬರುವುದೇ ತಡ, ಬಂದರೆ ನಿಲ್ಲುವುದಿಲ್ಲ.

ಹೊತ್ತು ಮುಳುಗುವ ಮುಂಚೆ ಹುಡುಗ ತಾನಾಗಿಯೇ ಬಾಯಿಗೆ ಸಿಕ್ಕಿಬಿದ್ದ. ನಲವತ್ತು ತುಂಬಿದ ಮೇಲೆ ಅಲ್ಲಿ ಇನ್ನೊಂದು ಕಡಿತ ಶುರುವಾಗುತ್ತದೆ ಅಂದ. ಮುದುಕರ ಆರೈಕೆಯ ವಿಮೆ, 2000ದಲ್ಲಿ ತಂದದ್ದು. ದೇಶದ ನೂರರಲ್ಲಿ ಇಪ್ಪತ್ತೊಂಬತ್ತು ಮಂದಿ ಅರವತ್ತೈದು ದಾಟಿದವರು. ಮನೆಗೆ ಬಂದು ಸ್ನಾನ ಮಾಡಿಸುವವರು, ಹಗಲು ಕರೆದುಕೊಂಡು ಹೋಗಿ ಸಂಜೆ ಬಿಡುವ ಕೇಂದ್ರ, ಗಾಲಿಕುರ್ಚಿ, ಎಲ್ಲಕ್ಕೂ ಅದರಿಂದಲೇ ರೊಕ್ಕ.

ಗೌಡರು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದವರು ನಿಲ್ಲಿಸಿದರು. “ಅಂದ್ರ ಅಲ್ಲಿ ಮುದುಕರ ಮೈ ತೊಳಿಯಾಕ ನಿನ್ನ ಪಗಾರದಾಗ ಕಟ್ ಆಗ್ತದ?”

“ಹೂಂ.”

“ಇಲ್ಲಿ ಮುದುಕಂದು?”

ಸೊಸೆ ಶೇಂಗಾ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹುಡುಗ ವೀಸಾದ ವಿಷಯ ಹೇಳತೊಡಗಿದ: ತಂದೆ ತಾಯಿಯನ್ನು ಖಾಯಂ ಕರೆಸಿಕೊಳ್ಳುವುದು ಅವನಂಥವರಿಗೆ ಆಗದ ಮಾತು, ತೊಂಬತ್ತು ದಿನಕ್ಕೆ ನೆಂಟರಾಗಿ ಬರಬಹುದು, ಆಗ ದವಾಖಾನಿಯ ವಿಮೆ ಅವರಿಗಿಲ್ಲ, ನೂರಕ್ಕೆ ನೂರೂ ಕಿಸೆಯಿಂದಲೇ. ಗೌಡರು ನಡುವೆಯೇ ತಡೆದು, “ನಾ ಎಲ್ಲಿ ಬರ್ತೀನಂದೆ? ಸುಮ್ನ ಕೇಳಿದೆ,” ಅಂದರು. ಅವರು ಸುಮ್ಮನೆ ಕೇಳುವವರಲ್ಲ. ನಾನು ಮಾತು ತೇಲಿಸಲು, ಅಲ್ಲಿ ಮೊಣಕಾಲು ಬದಲಿಸಲು ಎಷ್ಟಾಗುತ್ತದೆ ಅಂತ ಕೇಳಿದೆ. ಬಿಲ್ಲು ಎಷ್ಟೇ ಏರಲಿ, ತಿಂಗಳಿಗೆ ಇಷ್ಟರ ಮೇಲೆ ರೋಗಿ ಕೊಡಬೇಕಿಲ್ಲ ಅಂತ ಮಿತಿ ಇದೆಯಂತೆ. ನಡುತರ ಪಗಾರದವನಿಗೆ 80,000 ಯೆನ್ ಚಿಲ್ಲರೆ. ನಮ್ಮ ರೊಕ್ಕದಲ್ಲಿ ಐವತ್ತು ಸಾವಿರದ ಆಸುಪಾಸು.

ಅದನ್ನು ಕೇಳಿ ಗೌಡರಿಗೆ ಹುರುಪು ಬಂತು. ಮರುದಿನ ಬೆಳಿಗ್ಗೆಯೇ ಮಗನನ್ನು ಬದಿಗೆ ಕೂಡಿಸಿಕೊಂಡು, ಫೋನಿನ ಸ್ಪೀಕರ್ ಹಚ್ಚಿ, ಒಂದು ದೊಡ್ಡ ಖಾಸಗಿ ದವಾಖಾನಿಗೆ ಹಚ್ಚಿದರು. ಬೇಲಿಯೀಚೆ ನಾನು ಹಲ್ಲುಜ್ಜುತ್ತಿದ್ದೆ, ಎಲ್ಲ ಕೇಳುತ್ತಿತ್ತು.

“ಮೊಣಕಾಲ ಆಪರೇಷನ್ನಿಗಿ ರೇಟ್ ಎಷ್ಟ್ರಿ?”

“ಮೊದಲ ಬಂದು ತೋರಸ್ರಿ. ಆಮ್ಯಾಲ ಹೇಳ್ತೀವಿ.”

“ಅಂದಾಜ್ ಹೇಳ್ರೆಲ.”

“ರೂಂ ಮ್ಯಾಲ, ಜಾಯಿಂಟ್ ಯಾವ್ ಕಂಪನಿದು ಹಾಕಸ್ತೀರಿ ಅದರ ಮ್ಯಾಲ ಅದರಿ.” ಅಷ್ಟು ಹೇಳಿ ಆ ಹೆಣ್ಣುಮಗಳು ದನಿ ಮೆತ್ತಗೆ ಮಾಡಿ ಕೇಳಿದಳು, “ಮಕ್ಕಳು ಏನ್ ಮಾಡ್ತಾರ್ರಿ, ಯಜಮಾನ್ರೆ?”

“ಒಬ್ಬನ ಮಗ,” ಅಂದರು ಗೌಡರು, ಓಣಿಗೆಲ್ಲ ಕೇಳುವ ಹಾಗೆ. “ಜಪಾನದಾಗ ಅದಾನ್ರಿ!”

“ಅಪ್ಪಾ!” ಅಂತ ಮಗ ಫೋನು ಕಸಿದುಕೊಂಡ. “ತೊಗರಿ ಒಕ್ಕಲತನ ಮಾಡ್ತಾನ ಅನ್ನಬೇಕಿಲ್ಲೇನು?”

“ತೊಗರಿ ರೇಟ್ ಬಿದ್ದದ ಲೇ,” ಅಂದರು ಗೌಡರು. “ಹಂಗಂದ್ರ ಆಕಿ ಫೋನೇ ಇಡ್ತಿದ್ದಳು.”